ಎರಡು ಸಾವಿರದ ಆಸುಪಾಸಿನಲ್ಲಿ ದಿನಬಳಕೆಗೆ ಒಳ್ಳೆಯ ಹೆಡ್‌ಫೋನ್ ಯಾವುದು? ಕಾರಣ ಸಮೇತ ಹೇಳಿ

ಕೆಂಗೇರಿ ಪ್ರಯಾಣಿಕ

ಎಲ್ಲರಿಗೂ ನಮಸ್ಕಾರ. ನಾನು ದಿನಾ ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ನೇರಳೆ ಮಾರ್ಗದ ಮೆಟ್ರೋದಲ್ಲಿ ಹೋಗುತ್ತೇನೆ, ಇಳಿದ ಮೇಲೆ ಸ್ವಲ್ಪ ದೂರ ಬಸ್ಸು. ಹೋಗುವಾಗ, ಬರುವಾಗ ಎರಡು ಹೊತ್ತೂ ಸಂಗೀತ ಬೇಕೇ ಬೇಕು. ಹೆಚ್ಚಾಗಿ ಹಿಂದೂಸ್ತಾನಿ ಗಾಯನ. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್ ಇವರ ಹಳೆಯ ರೆಕಾರ್ಡಿಂಗ್‌ಗಳು, ಅದು ಬಿಟ್ಟರೆ ಎಪ್ಪತ್ತರ ದಶಕದ ಸಿನಿಮಾ ಹಾಡು, ಭಾವಗೀತೆ. ಈಗಿರುವ ಇಯರ್‌ಬಡ್ಸಿನಲ್ಲಿ ಎಡಗಡೆಯದಕ್ಕೆ ಚಾರ್ಜ್ ನಿಲ್ಲುತ್ತಿಲ್ಲ, ಹೊಸದು ತೆಗೆದುಕೊಳ್ಳಲೇಬೇಕು.

ಬಜೆಟ್ 2,000 ರೂಪಾಯಿ. ನಿಜವಾಗಲೂ ವ್ಯತ್ಯಾಸ ಇದೆ ಅಂದರೆ 3,500ರವರೆಗೆ ಹೋಗಬಲ್ಲೆ. ಆಫೀಸಿನ ಮೀಟಿಂಗ್ ಕೂಡ ಇರುತ್ತವೆ, ಮೈಕ್ ಇದ್ದರೆ ಒಳ್ಳೆಯದು. ಫೋನಿನಲ್ಲಿ ಹೆಡ್‌ಫೋನ್ ಜ್ಯಾಕ್ ಇಲ್ಲ, ಟೈಪ್-ಸಿ ಮಾತ್ರ. ಆನ್‌ಲೈನ್‌ನಲ್ಲಿ ಹುಡುಕಿದರೆ ನೂರಾರು ಮಾಡೆಲ್, ಎಲ್ಲದಕ್ಕೂ ನಾಲ್ಕು ಸ್ಟಾರ್‌ಗಿಂತ ಜಾಸ್ತಿ. ಬರೀ ಹೆಸರು ಹೇಳಿದರೆ ನನಗೆ ಉಪಯೋಗವಿಲ್ಲ, ಯಾಕೆ ಅದೇ ಅನ್ನುವುದನ್ನೂ ಹೇಳಿ ದಯವಿಟ್ಟು.

ತಂತಿಯೇ ಸಾಕು

ಸಾರ್, ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಎಲ್ಲಿ ಕೇಳುತ್ತೀರಿ ಅನ್ನುವುದು ಮೊದಲು, ಏನು ಕೇಳುತ್ತೀರಿ ಅನ್ನುವುದು ಆಮೇಲೆ, ಕಂಪನಿ ಹೆಸರು ಎಲ್ಲಕ್ಕಿಂತ ಕೊನೆಗೆ.

ಮೆಟ್ರೋ, ಬಸ್ಸು ಅಂದಮೇಲೆ ಹೊರಗಿನ ಗದ್ದಲ ತಡೆಯಬೇಕು. ಕಬ್ಬನ್ ಪಾರ್ಕ್‌ನಿಂದ ಮೆಜೆಸ್ಟಿಕ್ ದಾಟುವ ತನಕ ಸುರಂಗದಲ್ಲಿ ರೈಲಿನ ಸದ್ದು ಎಷ್ಟು ಏರುತ್ತದೆ ಅನ್ನುವುದು ನಿಮಗೇ ಗೊತ್ತು. ಅಲ್ಲಿ ಕಿವಿಯ ಮೇಲೆ ಸುಮ್ನೆ ಕೂರುವ ತೆಳು ಸ್ಪಂಜಿನ ಹೆಡ್‌ಫೋನ್ ಕೆಲಸಕ್ಕೆ ಬರುವುದಿಲ್ಲ. ಕಿವಿಯ ಒಳಗೆ ರಬ್ಬರ್ ತುದಿ ಕೂರುವ ಇಯರ್‌ಫೋನ್ ಬೇಕು. ಆಡಿಯೋ ಮಂದಿ ಇದನ್ನು ಐಇಎಂ ಅನ್ನುತ್ತಾರೆ, ಅಂಗಡಿಯಲ್ಲಿ ಇನ್-ಇಯರ್ ಅಂದರೆ ಸಾಕು.

ಈಗ ದುಡ್ಡಿನ ವಿಷಯ. 2,000 ರೂಪಾಯಿಯ ವೈರ್‌ಲೆಸ್ ಬಡ್ಸ್ ತೆಗೆದುಕೊಂಡರೆ ಆ ದುಡ್ಡು ಎಲ್ಲಿಗೆ ಹೋಗುತ್ತದೆ ಯೋಚನೆ ಮಾಡಿ. ಎರಡು ಬಡ್‌ಗೆ ಎರಡು ಬ್ಯಾಟರಿ, ಕೇಸಿಗೆ ಇನ್ನೊಂದು, ಬ್ಲೂಟೂತ್ ಚಿಪ್, ನಾಲ್ಕಾರು ಮೈಕ್, ಚಾರ್ಜಿಂಗ್ ಸರ್ಕ್ಯೂಟ್, ಆ್ಯಪ್. ಇದೆಲ್ಲ ಆದ ಮೇಲೆ ಉಳಿದದ್ದು ಶಬ್ದ ಹೊರಡಿಸುವ ಡ್ರೈವರ್‌ಗೆ. ಅದೇ ದುಡ್ಡಿನ ತಂತಿಯ ಇಯರ್‌ಫೋನಿನಲ್ಲಿ ಹೆಚ್ಚಿನ ಪಾಲು ಡ್ರೈವರ್‌ಗೆ, ಅದರ ಕವಚಕ್ಕೆ, ಅದನ್ನು ಸರಿಯಾಗಿ ಟ್ಯೂನ್ ಮಾಡುವುದಕ್ಕೆ ಹೋಗುತ್ತದೆ. ಹಾಗಾಗಿ ಈ ಬೆಲೆಯಲ್ಲಿ ಬರೀ ಶಬ್ದ ನೋಡಿದರೆ ತಂತಿಯದೇ ಮೇಲು. ಇದರಲ್ಲಿ ನನಗೆ ಒಂದಿಷ್ಟೂ ಅನುಮಾನವಿಲ್ಲ.

2022ರ ಹೊತ್ತಿಗೆ ಚೀನಾದ ಸಣ್ಣ ಆಡಿಯೋ ಕಂಪನಿಗಳು 20 ಡಾಲರ್ ಆಸುಪಾಸಿನಲ್ಲಿ ತುಂಬಾ ಒಳ್ಳೆಯ ಇಯರ್‌ಫೋನ್ ತಂದವು. ಮೂಂಡ್ರಾಪ್ ಚು, ಸೆವೆನ್ ಹರ್ಟ್ಜ್ ಸಾಲ್ನೋಟ್ಸ್ ಝೀರೋ, ಟ್ಯಾಂಗ್‌ಝು ವಾನರ್, ಈ ಮೂರೂ ಆಗಿನವೇ. ಅದಕ್ಕೂ ಮೊದಲು ಇಷ್ಟು ಸಮತೋಲನದ ಶಬ್ದ ಬೇಕು ಅಂದರೆ ಇದರ ಹಲವು ಪಟ್ಟು ಕೊಡಬೇಕಿತ್ತು. ಚು ಎರಡನೇ ಆವೃತ್ತಿ 2023ರಲ್ಲಿ ಬಂತು, ಅದರಲ್ಲಿ ತಂತಿ ಬಿಚ್ಚಿ ಬದಲಿಸಬಹುದು, ಮೊದಲನೆಯದರಲ್ಲಿ ಆಗುತ್ತಿರಲಿಲ್ಲ. ಇಲ್ಲಿ ಎಲ್ಲವೂ ಹೆಚ್ಚುಕಮ್ಮಿ ಎರಡು ಸಾವಿರದ ಹತ್ತಿರ ಸಿಗುತ್ತವೆ, ಬೆಲೆ ಮೇಲೆ ಕೆಳಗೆ ಆಗುತ್ತಿರುತ್ತದೆ.

ನಿಮಗೆ ಗಾಯನ ಮುಖ್ಯ. ನಾನಾಗಿದ್ದರೆ ವಾನರ್ ಅಥವಾ ಝೀರೋ ಅನ್ನುತ್ತೇನೆ. ಝೀರೋ ಸ್ವಚ್ಛ, ಯಾವುದನ್ನೂ ಉಬ್ಬಿಸುವುದಿಲ್ಲ. ವಾನರ್ ಸ್ವಲ್ಪ ಬೆಚ್ಚಗೆ, ಹಾಡುವವರ ದನಿ ತುಂಬಿ ಬರುತ್ತದೆ. ಚು ಕೂಡ ಚೆನ್ನಾಗಿದೆ, ಆದರೆ ಮೇಲಿನ ಸ್ವರಗಳು ತುಸು ಚುರುಕು.

ಬಿಎಂಟಿಸಿ ಬಳಗ

ತಂತಿಯೇ ಸಾಕು ಅವರೇ, ನೀವು ಹೇಳಿದ್ದು ಮನೆಯಲ್ಲಿ ಕೂತು ಕೇಳುವವರಿಗೆ ಸರಿ. ಬೆಳಿಗ್ಗೆ ಒಂಬತ್ತರ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಬ್ಯಾಗು ಹಿಡಿದು ನಿಂತಾಗ ತಂತಿ ಯಾರದೋ ಬ್ಯಾಗಿನ ಜಿಪ್ಪಿಗೆ ಸಿಕ್ಕಿ ಕಿವಿಯಿಂದ ಕಿತ್ತುಕೊಂಡು ಹೋಗುತ್ತದೆ. ಫೋನಿಗೆ ಜ್ಯಾಕ್ ಇಲ್ಲ ಅಂತ ಬೇರೆ ಹೇಳಿದ್ದಾರೆ. ಅಡಾಪ್ಟರ್ ಹಾಕಿದರೆ ಅದೊಂದು ಜೋತಾಡುವ ವಸ್ತು, ಹಾಡು ಕೇಳುವಾಗ ಚಾರ್ಜ್‌ಗೂ ಹಾಕಲಾಗುವುದಿಲ್ಲ.

ನನ್ನ ಸಲಹೆ ನೆಕ್‌ಬ್ಯಾಂಡ್. ಕುತ್ತಿಗೆಯಲ್ಲೇ ಇರುತ್ತದೆ, ಕಳೆದುಹೋಗುವುದಿಲ್ಲ, ಬ್ಯಾಟರಿ ದೊಡ್ಡದು. ಒನ್‌ಪ್ಲಸ್ ಬುಲೆಟ್ಸ್ ವೈರ್‌ಲೆಸ್ ಝಡ್2 ಇದೆಯಲ್ಲ, ಒಂದು ಸಲ ಚಾರ್ಜ್ ಮಾಡಿದರೆ 30 ಗಂಟೆ ಅನ್ನುತ್ತಾರೆ, ಐಪಿ55 ಇದೆ, ಬೆವರು ಮಳೆ ಹನಿಗೆಲ್ಲ ಹೆದರಬೇಕಿಲ್ಲ. ಬೆಲೆಯೂ ಎರಡು ಸಾವಿರದೊಳಗೆ. ಫೋನ್ ಬಂದರೆ ಅಲ್ಲೇ ಒತ್ತಿ ಮಾತಾಡಬಹುದು.

ತಂತಿಯೇ ಸಾಕು

ಬಸ್ಸಿನ ಮಾತು ಒಪ್ಪುತ್ತೇನೆ ಗುರುಗಳೇ. ತಂತಿಯನ್ನು ಅಂಗಿಯ ಒಳಗಿಂದ ತಂದು, ಕಿವಿಯ ಹಿಂದಿನಿಂದ ಸುತ್ತಿ ಹಾಕಿಕೊಂಡರೆ ಕಿತ್ತು ಬರುವುದು ತುಂಬಾ ಕಮ್ಮಿ. ಬಟ್ಟೆಗೆ ತಂತಿ ಉಜ್ಜಿದಾಗ ಕಿವಿಯಲ್ಲಿ ಕೇಳುವ ಗರಗರ ಸದ್ದೂ ನಿಲ್ಲುತ್ತದೆ. ನಾನು ಹೇಳಿದ ಮೂರನ್ನೂ ಕಿವಿಯ ಹಿಂದಿನಿಂದಲೇ ಹಾಕಿಕೊಳ್ಳುವುದು.

ಝಡ್2 ಬಗ್ಗೆ ತಕರಾರಿಲ್ಲ, ಆದರೆ ಅದರಲ್ಲಿ ಬೇಸ್, ಅಂದರೆ ಕೆಳಗಿನ ದಪ್ಪ ಸದ್ದು, ಜಾಸ್ತಿ. ಡ್ಯಾನ್ಸ್ ಹಾಡಿಗೆ ಚೆಂದ. ನಿಧಾನ ಗತಿಯ ವಿಲಂಬಿತ್ ಖಯಾಲ್ ಕೇಳುವವರಿಗೆ ತಬಲಾದ ಬಾಯಾ, ಅಂದರೆ ಎಡಗೈಯಲ್ಲಿ ನುಡಿಸುವ ಭಾಗ, ಗಾಯಕರ ದನಿಯ ಮೇಲೆ ಬಂದು ಕೂರುತ್ತದೆ.

ಅಡಾಪ್ಟರ್ ಬಗ್ಗೆ ಒಂದು ಮಾತು, ಇದನ್ನು ಎಷ್ಟೋ ಜನ ಗಮನಿಸುವುದಿಲ್ಲ. ಟೈಪ್-ಸಿಯಿಂದ 3.5 ಎಂಎಂ ಜ್ಯಾಕ್‌ಗೆ ಬದಲಿಸುವ ಅಡಾಪ್ಟರ್‌ಗಳಲ್ಲಿ ಎರಡು ಬಗೆ. ಒಂದರ ಒಳಗೆ ಡಿಎಸಿ ಚಿಪ್ ಇರುತ್ತದೆ, ಡಿಜಿಟಲ್ ಸಂಕೇತವನ್ನು ಅದೇ ಶಬ್ದವಾಗಿ ಬದಲಿಸುತ್ತದೆ. ಇನ್ನೊಂದು ಬರೀ ತಂತಿ ಜೋಡಣೆ, ಫೋನೇ ಶಬ್ದದ ಸಂಕೇತ ಕೊಡಬೇಕು. ಈಗಿನ ಬಹಳಷ್ಟು ಫೋನ್‌ಗಳು ಹಾಗೆ ಕೊಡುವುದಿಲ್ಲ. ನೂರು ರೂಪಾಯಿಯ ಅಡಾಪ್ಟರ್ ತಂದು ಕೆಲಸ ಮಾಡಲಿಲ್ಲ ಅನ್ನುವವರದ್ದು ಸಾಮಾನ್ಯವಾಗಿ ಇದೇ ಕತೆ. ಪೆಟ್ಟಿಗೆಯ ಮೇಲೆ ಡಿಎಸಿ ಅಂತ ಬರೆದಿದೆಯಾ ನೋಡಿ ತೆಗೆದುಕೊಳ್ಳಿ. ಆ್ಯಪಲ್‌ನ ಟೈಪ್-ಸಿ ಅಡಾಪ್ಟರ್ ಅಳತೆಯಲ್ಲಿ ತುಂಬಾ ಚೆನ್ನಾಗಿದೆ, ಆದರೆ ಕೆಲವು ಆ್ಯಂಡ್ರಾಯ್ಡ್ ಫೋನ್‌ಗಳಲ್ಲಿ ವಾಲ್ಯೂಮ್ ಕಮ್ಮಿ ಬರುತ್ತದೆ. ಐಫೋನ್ 15 ಅಥವಾ ಅದರ ಮೇಲಿನದ್ದಾದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ.

ಧಾರವಾಡದ ಕೇಳುಗ

ಮನ್ಸೂರರ ಹೆಸರು ನೋಡಿ ಬರೆಯದೆ ಇರಲು ಆಗಲಿಲ್ಲರೀ.

ಹಳೆಯ ರೆಕಾರ್ಡಿಂಗ್ ಕೇಳುವವರು ಹೆಡ್‌ಫೋನ್ ಆರಿಸುವ ರೀತಿಯೇ ಬೇರೆ. 78 ಆರ್‌ಪಿಎಂ ತಟ್ಟೆಗಳ ಕಾಲದಲ್ಲಿ ಒಂದು ಬದಿಗೆ ಸುಮಾರು ಮೂರು ನಿಮಿಷ ಅಷ್ಟೇ ಜಾಗ, ಅದರಲ್ಲೂ ತೀರಾ ಕೆಳಗಿನ ಸ್ವರ, ತೀರಾ ಮೇಲಿನ ಸ್ವರ ಸರಿಯಾಗಿ ದಾಖಲಾಗುತ್ತಲೇ ಇರಲಿಲ್ಲ. ಇರುವುದೆಲ್ಲ ನಡುವೆ. ಮನುಷ್ಯನ ದನಿಯೂ ಅಲ್ಲೇ, ಹಾರ್ಮೋನಿಯಂ, ಸಾರಂಗಿಯೂ ಅಲ್ಲೇ. ಬೇಸ್ ಉಬ್ಬಿಸಿದ ಹೆಡ್‌ಫೋನಿನಲ್ಲಿ ಅದನ್ನು ಕೇಳಿದರೆ ರೆಕಾರ್ಡಿಂಗಿನಲ್ಲಿ ಇಲ್ಲದ ಬೇಸ್ ಎಲ್ಲಿಂದಲೂ ಬರುವುದಿಲ್ಲ, ಇರುವ ದನಿ ಮಾತ್ರ ಮಂಕಾಗುತ್ತದೆ. ಟ್ರೆಬಲ್, ಅಂದರೆ ಮೇಲಿನ ಚುರುಕು ಸದ್ದು, ಉಬ್ಬಿಸಿದ್ದರಲ್ಲಿ ತಟ್ಟೆಯ ಚರಚರ ಸದ್ದು ಹಾಡಿಗಿಂತ ಮುಂದೆ ಬಂದು ನಿಲ್ಲುತ್ತದೆ. ಎರಡೂ ಬೇಡ. ನಡುವಿನದ್ದು ಸರಿಯಾಗಿ ಹೇಳುವಂಥದ್ದು ಬೇಕು.

ಅಂಗಡಿಯಲ್ಲೋ ಗೆಳೆಯರ ಹತ್ತಿರವೋ ಕೇಳಿ ನೋಡುವ ಅವಕಾಶ ಸಿಕ್ಕರೆ ಹೀಗೆ ಮಾಡ್ರಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಖಯಾಲ್ ಹಾಕಿ, ಶುರುವಿನ ತಂಬೂರಿ ಮಾತ್ರ ಕೇಳಿ. ನಾಲ್ಕು ತಂತಿಯ ಮೀಟು ಒಂದೊಂದಾಗಿ ಗೊತ್ತಾಗಬೇಕು, ಜವಾರಿಯ, ಅಂದರೆ ಕುದುರೆಯ ಮೇಲೆ ತಂತಿ ತಾಗಿ ಬರುವ, ಝೇಂಕಾರ ಮೀಟಿದ ಮೇಲೂ ಉಳಿಯುತ್ತಾ ನಿಧಾನಕ್ಕೆ ಮುಂದಿನದರಲ್ಲಿ ಬೆರೆಯಬೇಕು. ಎಲ್ಲ ಸೇರಿ ಒಂದೇ ಗುಂಯ್ ಅಂತ ಕೇಳಿದರೆ ಆ ಹೆಡ್‌ಫೋನ್ ಬಿಟ್ಟುಬಿಡಿ, ಎಷ್ಟೇ ಡಿಸ್ಕೌಂಟ್ ಇರಲಿ. ಆಮೇಲೆ ಗಾಯಕರು ದನಿ ಹಚ್ಚಿದಾಗ ತಂಬೂರಿ ಮಾಯ ಆಗಬಾರದು. ದನಿಯ ಹಿಂದೆ ಅದು ಕೇಳಿಸುತ್ತಲೇ ಇರಬೇಕು, ಅದಿಲ್ಲದಿದ್ದರೆ ಗಾಯಕರು ಯಾವ ಸ್ವರದ ಮೇಲೆ ನಿಂತಿದ್ದಾರೆ ಅನ್ನುವುದೇ ಸಡಿಲವಾಗಿ ಕೇಳುತ್ತದೆ.

ಇನ್ನೊಂದು. ಹಳೆಯವು ಹೆಚ್ಚಾಗಿ ಮೋನೋ, ಅಂದರೆ ಎರಡೂ ಕಿವಿಗೆ ಒಂದೇ ಶಬ್ದ. ಹಾಡು ತಲೆಯ ನಟ್ಟನಡುವೆ ಕೇಳಬೇಕು. ಒಂದು ಬದಿಗೆ ವಾಲಿದರೆ ಒಂದೋ ರಬ್ಬರ್ ತುದಿ ಸರಿಯಾಗಿ ಕೂತಿಲ್ಲ, ಇಲ್ಲಾ ಎರಡು ಬದಿಯ ಡ್ರೈವರ್‌ಗಳಲ್ಲಿ ವ್ಯತ್ಯಾಸ ಇದೆ. ಎಡ ಬಲ ಅದಲು ಬದಲು ಮಾಡಿ ಕೇಳಿದರೆ ಯಾವುದು ಅಂತ ಗೊತ್ತಾಗುತ್ತದೆ. ರಿಟರ್ನ್ ಅವಧಿ ಮುಗಿಯುವುದರೊಳಗೆ ಈ ಪರೀಕ್ಷೆ ಮಾಡ್ರಿ.

ಕೆಂಗೇರಿ ಪ್ರಯಾಣಿಕ

ಧಾರವಾಡದವರೇ, ತಂಬೂರಿ ಪರೀಕ್ಷೆ ಈಗಿನ ಬಡ್ಸಿನಲ್ಲೇ ಮಾಡಿ ನೋಡಿದೆ. ಬಲಗಡೆಯದರಲ್ಲಿ ಮಾತ್ರ, ಎಡಗಡೆಯದು ಆಫ್. ನೀವು ಹೇಳಿದ ಹಾಗೆ ಗುಂಯ್ ಅನ್ನುತ್ತದೆ, ತಂತಿ ಬೇರೆ ಬೇರೆಯಾಗಿ ಗೊತ್ತಾಗುವುದೇ ಇಲ್ಲ. ಇಷ್ಟು ದಿನ ರೆಕಾರ್ಡಿಂಗೇ ಹಾಗಿದೆ ಅಂದುಕೊಂಡಿದ್ದೆ.

ಎಎನ್‌ಸಿ ಇರುವ ಬಡ್ಸ್ ಈಗ ಎರಡು ಸಾವಿರಕ್ಕೂ ಸಿಗುತ್ತವಲ್ಲ, ಗದ್ದಲಕ್ಕೆ ಅದು ಒಳ್ಳೆಯದಲ್ವಾ?

ಎಲೆಕ್ಟ್ರಾನಿಕ್ಸ್ ಮೇಷ್ಟ್ರು

ಇದಕ್ಕೆ ನಾನು ಉತ್ತರ ಕೊಡುತ್ತೇನೆ. ಮೊದಲು ಎಎನ್‌ಸಿ, ಇಎನ್‌ಸಿ ಎರಡನ್ನೂ ಬೇರೆ ಮಾಡಿಕೊಳ್ಳಿ. ಕಮ್ಮಿ ಬೆಲೆಯ ಬಹಳ ಪೆಟ್ಟಿಗೆಗಳ ಮೇಲೆ ದೊಡ್ಡದಾಗಿ ಇಎನ್‌ಸಿ ಅಂತ ಇರುತ್ತದೆ. ಅದು ಮೈಕ್‌ಗೆ ಸಂಬಂಧಿಸಿದ್ದು. ನೀವು ಮಾತಾಡುವಾಗ ಆ ಕಡೆಯವರಿಗೆ ನಿಮ್ಮ ಸುತ್ತಲಿನ ಗದ್ದಲ ಕಮ್ಮಿ ಕೇಳಲಿ ಅಂತ. ನಿಮ್ಮ ಕಿವಿಗೆ ಅದರಿಂದ ಏನೂ ಆಗುವುದಿಲ್ಲ. ಎಎನ್‌ಸಿ ಅಂದರೆ ಹೊರಗಿನ ಸದ್ದನ್ನು ಮೈಕ್ ಹಿಡಿದು, ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಡ್ರೈವರ್‌ನಿಂದ ಹೊರಡಿಸಿ ಎರಡನ್ನೂ ಒಂದಕ್ಕೊಂದು ಅಳಿಸುವುದು. ಅದು ಒಂದೇ ಸಮ ಬರುವ ಕೆಳಗಿನ ಸದ್ದಿಗೆ, ಬಸ್ಸಿನ ಇಂಜಿನ್, ಫ್ಯಾನು, ರೈಲಿನ ಗುಡುಗುಡು, ಇಂಥದ್ದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಹಾರ್ನು, ಮಾತು, ಬಾಗಿಲಿನ ಬೀಪ್, ಇವಕ್ಕೆ ಅಷ್ಟಾಗಿ ಇಲ್ಲ. ಅವನ್ನು ತಡೆಯುವುದು ಕಿವಿಗೆ ಬಿಗಿಯಾಗಿ ಕೂತ ರಬ್ಬರ್ ತುದಿಯೇ.

ಪೆಟ್ಟಿಗೆ ಮೇಲೆ 'ಇಷ್ಟು ಡೆಸಿಬೆಲ್‌ವರೆಗೆ' ಅಂತ ಬರೆದಿರುವುದು ಯಾವುದೋ ಒಂದು ಸ್ವರದಲ್ಲಿ ಸಿಕ್ಕ ಗರಿಷ್ಠ. ಎಲ್ಲ ಸದ್ದಿಗೂ ಅಷ್ಟೇ ತಗ್ಗುತ್ತದೆ ಅಂತ ಓದಬೇಡಿ. ಎರಡು ಸಾವಿರದಲ್ಲಿ ಎಎನ್‌ಸಿ ಸಿಗುತ್ತದೆ, ಸುಳ್ಳಲ್ಲ, ಸುರಂಗದಲ್ಲಿ ನಿಮಗೆ ವ್ಯತ್ಯಾಸವೂ ಗೊತ್ತಾಗುತ್ತದೆ. ಆದರೆ ನನ್ನ ಅನುಭವದಲ್ಲಿ ಈ ಬೆಲೆಯ ಬಹುತೇಕ ಬಡ್ಸ್‌ಗಳಲ್ಲಿ ಎಎನ್‌ಸಿ ಹಾಕಿದ ಕೂಡಲೇ ಹಾಡಿನ ಬಣ್ಣವೇ ಬದಲಾಗುತ್ತದೆ.

20 ಹರ್ಟ್ಜ್‌ನಿಂದ 20,000 ಹರ್ಟ್ಜ್ ಅಂತ ಎಲ್ಲ ಪೆಟ್ಟಿಗೆಗಳ ಮೇಲೂ ಇರುತ್ತದೆ ನೋಡಿ. ಮನುಷ್ಯನ ಕಿವಿಗೆ ಕೇಳುವ ವ್ಯಾಪ್ತಿಯೇ ಅದು. ಆ ವ್ಯಾಪ್ತಿಯಲ್ಲಿ ಯಾವುದು ಎಷ್ಟು ಜೋರು, ಯಾವುದು ಎಷ್ಟು ಮೆಲ್ಲಗೆ ಅನ್ನುವುದನ್ನು ಹೇಳದಿದ್ದರೆ ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಡ್ರೈವರ್ ಎಷ್ಟು ಎಂಎಂ ಅನ್ನುವುದೂ ಹಾಗೆಯೇ. 10 ಎಂಎಂನದ್ದು 13 ಎಂಎಂನದ್ದಕ್ಕಿಂತ ಎಷ್ಟೋ ಚೆನ್ನಾಗಿರಬಹುದು. ಇಂಪಿಡೆನ್ಸ್, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, ಅದನ್ನು ಮಾತ್ರ ಸ್ವಲ್ಪ ನೋಡಿ. 16, 32 ಓಮ್ ಇದ್ದರೆ ಸಾಮಾನ್ಯವಾಗಿ ಫೋನಿನಲ್ಲೇ ಸಾಕಷ್ಟು ಜೋರಾಗುತ್ತದೆ. ಅದರ ಜೊತೆ ಸೆನ್ಸಿಟಿವಿಟಿ, ಅಂದರೆ ಅಷ್ಟೇ ವಿದ್ಯುತ್ತಿಗೆ ಎಷ್ಟು ಜೋರಾಗುತ್ತದೆ ಅನ್ನುವುದು, ತೀರಾ ಕಮ್ಮಿ ಇರಬಾರದು.

ಬ್ಲೂಟೂತ್ ಕೋಡೆಕ್, ಅಂದರೆ ಹಾಡನ್ನು ಕುಗ್ಗಿಸಿ ಕಳಿಸುವ ವಿಧಾನ, ಅದರ ಬಗ್ಗೆಯೂ ಜಗಳ ಬೇಡ. ಎಸ್‌ಬಿಸಿ ಎಲ್ಲದರಲ್ಲೂ ಇರಲೇಬೇಕು, ಎಎಸಿ ಬಹುತೇಕ ಇರುತ್ತದೆ. ಎಲ್‌ಡಿಎಸಿಯಲ್ಲಿ 990 ಕೆಬಿಪಿಎಸ್ (ಸೆಕೆಂಡಿಗೆ ಎಷ್ಟು ಸಾವಿರ ಬಿಟ್ ಅನ್ನುವ ಲೆಕ್ಕ) ತನಕ ಕಳಿಸಬಹುದು ಅನ್ನುವುದು ನಿಜ, ಆದರೆ ಐಫೋನಿನಲ್ಲಿ ಅದು ಇಲ್ಲ, ಮತ್ತು ಯೂಟ್ಯೂಬಿನಲ್ಲಿ ಸುಮಾರು 128 ಕೆಬಿಪಿಎಸ್‌ನ ಹಾಡು ಕೇಳುವವರಿಗೆ ಅದಕ್ಕೆಂದು ಸಾವಿರ ರೂಪಾಯಿ ಜಾಸ್ತಿ ಕೊಡುವ ಅಗತ್ಯ ಇಲ್ಲ.

ಮನೆಯಿಂದ ಕೆಲಸ

ಮೇಷ್ಟ್ರೇ, ಒಂದು ಸಂಶಯ. ಲ್ಯಾಪ್‌ಟಾಪ್‌ನಲ್ಲಿ ಬ್ಲೂಟೂತ್ ಹೆಡ್‌ಫೋನ್ ಹಾಕಿ ಹಾಡು ಕೇಳಿದರೆ ಚೆನ್ನಾಗಿರುತ್ತದೆ. ಮೀಟಿಂಗ್ ಶುರುವಾದ ತಕ್ಷಣ ಎಲ್ಲ ಹಳೇ ಲ್ಯಾಂಡ್‌ಲೈನ್ ಫೋನಿನ ಹಾಗೆ ಆಗುತ್ತದೆ. ಎರಡು ಬೇರೆ ಬೇರೆ ಹೆಡ್‌ಫೋನಿನಲ್ಲೂ ಹೀಗೇ. ಹಾಳಾಗಿದೆಯಾ?

ಎಲೆಕ್ಟ್ರಾನಿಕ್ಸ್ ಮೇಷ್ಟ್ರು

ಹಾಳಾಗಿಲ್ಲ ಮೇಡಂ. ಬ್ಲೂಟೂತ್‌ನಲ್ಲಿ ಹಾಡಿಗೊಂದು ದಾರಿ, ಕರೆಗೊಂದು ದಾರಿ. ಹಾಡಿನ ದಾರಿ ಸ್ಟೀರಿಯೋ, ಆದರೆ ಒಂದೇ ಕಡೆಗೆ. ಮೈಕ್ ಆನ್ ಆದ ಕೂಡಲೇ ಎರಡೂ ಕಡೆ ಶಬ್ದ ಹೋಗಬೇಕಾಗುತ್ತದೆ, ಆಗ ಕಂಪ್ಯೂಟರ್ ಕರೆಯ ದಾರಿಗೆ ಬದಲಾಗುತ್ತದೆ. ಅದು ಮೋನೋ, ಹಳೆಯ ಪದ್ಧತಿಯಲ್ಲಿ ಶಬ್ದದ ಅಳತೆ (ಸ್ಯಾಂಪಲ್) ಸೆಕೆಂಡಿಗೆ 8,000 ಸಲ, ಸ್ವಲ್ಪ ಹೊಸದರಲ್ಲಿ 16,000. ಹಾಡಿಗೆ 44,100 ಇರುತ್ತದೆ. ಅದಕ್ಕೇ ಫೋನಿನ ದನಿ ಬರುವುದು.

ಉಪಾಯ ಸುಲಭ. ಮೀಟಿಂಗ್ ಆ್ಯಪಿನ ಸೆಟ್ಟಿಂಗ್‌ನಲ್ಲಿ ಮೈಕ್ ಅಂತ ಇರುವ ಕಡೆ ಲ್ಯಾಪ್‌ಟಾಪ್‌ನದ್ದನ್ನೇ ಆರಿಸಿ, ಸ್ಪೀಕರ್ ಅಂತ ಇರುವ ಕಡೆ ಹೆಡ್‌ಫೋನ್ ಆರಿಸಿ. ಶಬ್ದ ಚೆನ್ನಾಗಿಯೇ ಉಳಿಯುತ್ತದೆ. ತಂತಿಯದಾದರೆ ಈ ತೊಂದರೆಯೇ ಇಲ್ಲ.

ಮನೆಯಿಂದ ಕೆಲಸ

ಈಗಲೇ ಮಾಡಿ ನೋಡಿದೆ, ಸರಿಹೋಯಿತು! ತುಂಬಾ ಥ್ಯಾಂಕ್ಸ್ ಮೇಷ್ಟ್ರೇ.

ಚಂಡೆ ಸದ್ದು

ಕುಂದಾಪುರದಿಂದ ಬರೆಯುತ್ತಿದ್ದೇನೆ. ನಾವು ಕೇಳುವುದು ಯಕ್ಷಗಾನ, ಅದೂ ರಾತ್ರಿ ಇಡೀ ಆಟದ ರೆಕಾರ್ಡಿಂಗ್. ಚಂಡೆ, ಜಾಗಟೆ ಎರಡೂ ಕಿವಿಗೆ ಚುಚ್ಚುವಂಥ ಸದ್ದು ಮಾರಾಯ್ರೆ. ಬಯಲಿನಲ್ಲಿ ಕೂತು ಕೇಳುವಾಗ ಅದೇ ಚೆಂದ. ಆದರೆ ಟ್ರೆಬಲ್ ಚುರುಕಾದ ಇಯರ್‌ಫೋನಿನಲ್ಲಿ ಅಬ್ಬರದ ಏರುಪದಕ್ಕೆ ಬರುವ ಹೊತ್ತಿಗೆ ತಲೆ ಸಿಡಿಯುತ್ತದೆ, ಭಾಗವತರ ಪದ ಹಿಂದೆ ಬೀಳುತ್ತದೆ. ಹಾಗಾಗಿ ಮೇಲೆ ಹೇಳಿದ ವಾನರ್‌ಗೇ ನನ್ನದೂ ಮತ. ಭಾಗವತರ ದನಿ ಮುಂದೆ ಇರುತ್ತದೆ, ಚಂಡೆಯ ಪೆಟ್ಟು ಕೇಳುತ್ತದೆ, ಚುಚ್ಚುವುದಿಲ್ಲ.

ಕರಾವಳಿಯವರಿಗೆ ಇನ್ನೊಂದು ಮಾತು. ಕಿವಿ ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನ್ ಇಲ್ಲಿ ಮಾರ್ಚ್‌ನಿಂದ ಮೇ ತನಕ ಹಾಕಿಕೊಳ್ಳುವುದೇ ಕಷ್ಟ. ಕೃತಕ ಚರ್ಮದ ಮೆತ್ತೆ ಈ ಸೆಕೆಗೆ, ಬೆವರಿಗೆ ಬೇಗ ಸಿಪ್ಪೆ ಏಳುತ್ತದೆ, ಕಪ್ಪು ಚೂರು ಕಿವಿಗೆ ಅಂಟುತ್ತದೆ. ಮೆತ್ತೆ ಬದಲಿಸಲು ಬರುವಂಥದ್ದಾ, ಬಿಡಿಯಾಗಿ ಸಿಗುತ್ತದಾ ಅಂತ ಮೊದಲೇ ವಿಚಾರಿಸಿ. ಆಡಿಯೋ ಟೆಕ್ನಿಕಾ ಎಂ20ಎಕ್ಸ್‌ನಂಥದ್ದಕ್ಕೆ ಸಿಗುತ್ತದೆ. ಆದರೆ ಅದರ ತಂತಿ 3 ಮೀಟರ್, ಬಿಚ್ಚಲೂ ಬರುವುದಿಲ್ಲ. ಅದು ಮೇಜಿನ ಹತ್ತಿರ ಕೂತು ಕೇಳುವವರಿಗೆ. ಬೆಲೆಯೂ ಇಲ್ಲಿನ ಬಜೆಟ್ ಮೀರುತ್ತದೆ.

ಡಲ್ಲಾಸ್ ಕನ್ನಡಿಗ

ಬಜೆಟ್ ಹೆಡ್‌ಫೋನ್ ಅಂದಮೇಲೆ ಕಾಸ್ ಕೆಎಸ್‌ಸಿ75 ಹೆಸರು ಬರಲೇಬೇಕು. ಕಿವಿಗೆ ಕೊಕ್ಕೆಯ ಹಾಗೆ ಸಿಕ್ಕಿಸುವ ಚಿಕ್ಕ ಹೆಡ್‌ಫೋನ್, 60 ಓಮ್. ನೋಡಲು ಏನೂ ಅಲ್ಲ, ಆದರೆ ಶಬ್ದ ತೆರೆದಂತೆ ಇರುತ್ತದೆ, ಕೋಣೆಯಲ್ಲಿ ಯಾರೋ ಕೂತು ಹಾಡಿದಂತೆ. ಅಮೆರಿಕದಲ್ಲಿ ಕೊಂಡವರಿಗೆ ಕಂಪನಿ ಜೀವಮಾನದ ವಾರಂಟಿ ಕೊಡುತ್ತದೆ, ಕಳಿಸುವ ಖರ್ಚು ನಮ್ಮದು. ಹೊರಗಿನ ಸದ್ದು ಒಂದಿಷ್ಟೂ ತಡೆಯುವುದಿಲ್ಲ, ಒಳಗಿನದ್ದು ಪಕ್ಕದವರಿಗೂ ಕೇಳುತ್ತದೆ. ಹಾಗಾಗಿ ಮೆಟ್ರೋಗೆ ಖಂಡಿತಾ ಬೇಡ. ಮನೆಯಲ್ಲಿ, ಬೆಳಗಿನ ವಾಕಿಂಗ್‌ನಲ್ಲಿ ಹಿಂದಿನಿಂದ ಬರುವ ಗಾಡಿಯ ಸದ್ದು ಕೇಳಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯದು ಈ ಬೆಲೆಯಲ್ಲಿ ನಾನು ಕಂಡಿಲ್ಲ. ಊರಿಗೆ ಬರುವ ಸಂಬಂಧಿಕರ ಕೈಯಲ್ಲಿ ತರಿಸಿಕೊಳ್ಳಬಹುದು.

ದಾವಣಗೆರೆ ರಿಪೇರಿ ಅಂಗಡಿ

ನಮ್ಮ ಅಂಗಡಿಗೆ ಬರುವ ಹೆಡ್‌ಫೋನ್‌ಗಳನ್ನು ನೋಡಿ ಹೇಳುತ್ತಿದ್ದೇನೆ.

ತಂತಿಯ ಇಯರ್‌ಫೋನ್ ಹಾಳಾಗುವುದು ಹೆಚ್ಚಾಗಿ ಎರಡೇ ಜಾಗದಲ್ಲಿ. ಜ್ಯಾಕಿನ ಬುಡ, ಇಲ್ಲಾ ಕಿವಿಯ ಹತ್ತಿರ ತಂತಿ ಒಳಗೆ ಹೋಗುವ ಜಾಗ. ಒಳಗಿನ ತಾಮ್ರದ ಎಳೆ ತುಂಡಾಗಿರುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ತಂತಿಯನ್ನು ಫೋನಿಗೆ ಬಿಗಿಯಾಗಿ ಸುತ್ತಿ ಜೇಬಿಗೆ ಹಾಕುವವರದ್ದು ಬೇಗ ಹೋಗುತ್ತದೆ. ಸಡಿಲವಾಗಿ ಸುರುಳಿ ಮಾಡಿ ಒಂದು ಪುಟ್ಟ ಡಬ್ಬಿಯಲ್ಲಿಡಿ. ತಂತಿ ಬಿಚ್ಚುವಂಥ ಮಾಡೆಲ್ ಆದರೆ ಹೊಸ ತಂತಿ ಹಾಕಿದರೆ ಮುಗಿಯಿತು. ಆದರೆ ಪಿನ್ ಅಳತೆ ನೋಡಿ ತೆಗೆದುಕೊಳ್ಳಿ. ಝೀರೋ, ವಾನರ್, ಚು ಎರಡನೆಯದು ಇವಕ್ಕೆಲ್ಲ 0.78 ಎಂಎಂ ಎರಡು ಪಿನ್. ಕೆಝಡ್ ಕಂಪನಿಯದಕ್ಕೆ 0.75, ಅದರ ತುದಿಯ ಆಕಾರವೂ ಬೇರೆ. ತಪ್ಪು ತಂತಿ ಒತ್ತಿ ಹಾಕಿದರೆ ಸಾಕೆಟ್ಟೇ ಸೀಳುತ್ತದೆ.

'ಒಂದು ಕಡೆ ಸೌಂಡ್ ಕಮ್ಮಿ' ಅಂತ ಬರುವವರಲ್ಲಿ ಎಷ್ಟೋ ಜನರದ್ದು ರಿಪೇರಿಯೇ ಅಲ್ಲ. ಜಾಲರಿಯಲ್ಲಿ ಕಿವಿಯ ಗುಗ್ಗೆ ಕಟ್ಟಿರುತ್ತದೆ. ರಬ್ಬರ್ ತುದಿ ತೆಗೆದು, ಜಾಲರಿ ಕೆಳಮುಖ ಮಾಡಿ ಹಿಡಿದು, ಒಣ ಮೆತ್ತನೆಯ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ಪಿನ್ನು, ಸೂಜಿ ಹಾಕಬೇಡಿ, ಡ್ರೈವರ್‌ನ ಪೊರೆ ತೂತಾಗುತ್ತದೆ. ಬಡ್ಸ್ ಚಾರ್ಜ್ ಆಗುತ್ತಿಲ್ಲ ಅಂದರೂ ಮೊದಲು ಕೇಸಿನ ಒಳಗಿನ ಪಿನ್ ಒರೆಸಿ ನೋಡಿ, ಬೆವರಿನ ಉಪ್ಪು ಕೂತಿರುತ್ತದೆ. ಕೆಂಗೇರಿಯವರೂ ಹೊಸದು ಕೊಳ್ಳುವ ಮೊದಲು ಇದನ್ನು ಮಾಡಿ.

ವೈರ್‌ಲೆಸ್ ಬಡ್ಸಿನ ಬ್ಯಾಟರಿ ಹೋದರೆ ನಾವು ಏನೂ ಮಾಡಲಾಗುವುದಿಲ್ಲ. ಅಂಟು ಹಾಕಿ ಮುಚ್ಚಿರುತ್ತಾರೆ, ಬಿಚ್ಚಿದರೆ ಒಡೆಯುತ್ತದೆ. ಎರಡು ಮೂರು ವರ್ಷಕ್ಕೆ ಚಾರ್ಜ್ ನಿಲ್ಲುವುದು ಕಮ್ಮಿ ಆಗೇ ಆಗುತ್ತದೆ, ಅಷ್ಟು ಪುಟ್ಟ ಬ್ಯಾಟರಿ ಅದು. ಕೊಳ್ಳುವಾಗಲೇ ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಡೂಪ್ಲಿಕೇಟ್ ಮಾಲು ತುಂಬಾ ಇದೆ. ಬಿಲ್ ಇಲ್ಲದೆ ತೆಗೆದುಕೊಳ್ಳಬೇಡಿ, ಬಿಲ್ ಇಲ್ಲದಿದ್ದರೆ ವಾರಂಟಿಗೆ ಓಡಾಡುವುದೇ ಆಗುತ್ತದೆ. ವೈರ್‌ಲೆಸ್ ಹೆಡ್‌ಫೋನ್‌ಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ, ಆರ್ ಅಕ್ಷರದಿಂದ ಶುರುವಾಗುವ ಸಂಖ್ಯೆ ಪೆಟ್ಟಿಗೆ ಅಥವಾ ಕೇಸಿನ ಮೇಲೆ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ತಯಾರಿಸಿದ ಕಂಪನಿ, ಬ್ರ್ಯಾಂಡ್ ಯಾವುದು ಅಂತ ತೋರಿಸುತ್ತದೆ. ಪೆಟ್ಟಿಗೆಯ ಮೇಲೊಂದು ಬ್ರ್ಯಾಂಡ್, ಆ್ಯಪಿನಲ್ಲಿ ಸಂಬಂಧವೇ ಇಲ್ಲದ ಇನ್ನೊಂದು ಬ್ರ್ಯಾಂಡ್ ಬಂದರೆ ವಾಪಸ್ ಇಟ್ಟು ಬನ್ನಿ.

ಕೆಂಗೇರಿ ಪ್ರಯಾಣಿಕ

ರಿಪೇರಿ ಅಣ್ಣ, ಪಿನ್ ಒರೆಸಿ ನೋಡಿದೆ. ಚಾರ್ಜ್ ಆಗುತ್ತದೆ, ಆದರೆ ಅರ್ಧ ದಾರಿಗೂ ಬರುವುದಿಲ್ಲ. ಬ್ಯಾಟರಿಯೇ ಹೋಗಿದೆ ಅನ್ನಿಸುತ್ತದೆ.

ಆಫೀಸಿನ ಗೆಳೆಯರೊಬ್ಬರ ಹತ್ತಿರ ಝೀರೋ ಇತ್ತು, ಇನ್ನೊಬ್ಬರು ವಾನರ್ ತಂದುಕೊಟ್ಟರು. ಎರಡರಲ್ಲೂ ತಂಬೂರಿ ಬಿಡಿಬಿಡಿಯಾಗಿ ಕೇಳಿತು. ಝೀರೋದಲ್ಲಿ ತಬಲಾದ ಬೆರಳಿನ ಪೆಟ್ಟು ಹೆಚ್ಚು ಸ್ಪಷ್ಟ, ವಾನರ್‌ನಲ್ಲಿ ಗಂಗೂಬಾಯಿ ಅವರ ಗಟ್ಟಿ ದನಿಗೆ ಇರುವ ತೂಕ ಪೂರ್ತಿ ಬಂತು. ಮೈಕ್ ಇರುವ ವಾನರ್ ಆರ್ಡರ್ ಮಾಡಿದೆ, ಜೊತೆಗೆ ಡಿಎಸಿ ಇರುವ ಅಡಾಪ್ಟರ್. ಎರಡೂ ಸೇರಿ 3,500ರ ಒಳಗೇ ಮುಗಿಯಿತು.

ತಂತಿಯೇ ಸಾಕು

ಒಳ್ಳೆಯ ಆಯ್ಕೆ ಸಾರ್. ಬಂದಾಗ ಪೆಟ್ಟಿಗೆಯಲ್ಲಿರುವ ಎಲ್ಲ ಅಳತೆಯ ರಬ್ಬರ್ ತುದಿಗಳನ್ನೂ ಹಾಕಿ ನೋಡಿ. ಫ್ಯಾಕ್ಟರಿಯಲ್ಲಿ ಹಾಕಿ ಕಳಿಸಿದ್ದೇ ನಿಮ್ಮ ಕಿವಿಗೆ ಸರಿ ಅಂತೇನಿಲ್ಲ. ಬೇಸ್ ಇಲ್ಲ, ತೆಳ್ಳಗೆ ಕೇಳುತ್ತದೆ ಅನ್ನುವ ದೂರಿಗೆ ಬಹುತೇಕ ಕಾರಣ ತುದಿ ಸರಿಯಾಗಿ ಕೂರದೆ ಗಾಳಿ ಸೋರುವುದು. ಎರಡು ಕಿವಿಗೆ ಎರಡು ಅಳತೆ ಬೇಕಾದರೂ ಆಶ್ಚರ್ಯವಿಲ್ಲ. ಕಿವಿಯನ್ನು ಇನ್ನೊಂದು ಕೈಯಿಂದ ಸ್ವಲ್ಪ ಮೇಲಕ್ಕೆ ಹಿಂದಕ್ಕೆ ಎಳೆದು ಇಯರ್‌ಫೋನ್ ಕೂರಿಸಿ.

ಆ್ಯಂಡ್ರಾಯ್ಡ್ ಆದರೆ ವೇವ್‌ಲೆಟ್ ಅನ್ನುವ ಆ್ಯಪ್ ಹಾಕಿಕೊಳ್ಳಿ. ಆಟೋಇಕ್ಯೂ ಅನ್ನುವ ಮುಕ್ತ ಯೋಜನೆಯಲ್ಲಿ ಸಾವಿರಾರು ಹೆಡ್‌ಫೋನ್‌ಗಳ ಅಳತೆಯಿಂದ ಲೆಕ್ಕ ಹಾಕಿದ ಈಕ್ವಲೈಜರ್ (ಸ್ವರಗಳ ಏರಿಳಿತ ಹೊಂದಿಸುವ) ತಿದ್ದುಪಡಿಗಳಿವೆ, ಅವು ಇದರ ಒಳಗೇ ಬರುತ್ತವೆ. ನಿಮ್ಮ ಮಾಡೆಲ್ ಆರಿಸಿದರೆ ಸಾಕು. ಹೊಸದು ಕೊಳ್ಳಲು ದುಡ್ಡಿಲ್ಲದ ವಿದ್ಯಾರ್ಥಿಗಳು ಇರುವ ಹಳೆಯದಕ್ಕೇ ಇದನ್ನು ಹಾಕಿ ನೋಡಲಿ, ಎಷ್ಟೋ ಸುಧಾರಿಸುತ್ತದೆ.

ಬಿಎಂಟಿಸಿ ಬಳಗ

ವಾನರ್ ಚೆನ್ನಾಗಿರಲಿ ಸಾರ್. ಆದರೆ ತಂತಿ ಆಗುವುದೇ ಇಲ್ಲ ಅನ್ನುವವರಿಗಾಗಿ ಒಂದು ಹೆಸರು ಇಲ್ಲಿರಲಿ. ಸೋನಿ ಡಬ್ಲ್ಯೂಎಚ್-ಸಿಎಚ್520. ಕಿವಿಯ ಮೇಲೆ ಕೂರುವ ಬ್ಲೂಟೂತ್ ಹೆಡ್‌ಫೋನ್, 147 ಗ್ರಾಂ ಅಷ್ಟೇ, 50 ಗಂಟೆ ಬ್ಯಾಟರಿ, ಒಂದೇ ಹೊತ್ತಿಗೆ ಫೋನಿಗೂ ಲ್ಯಾಪ್‌ಟಾಪ್‌ಗೂ ಜೋಡಿಸಬಹುದು. ಎಎನ್‌ಸಿ ಇಲ್ಲ, ತಂತಿ ಹಾಕುವ ಜಾಗವೂ ಇಲ್ಲ, ಬೆಲೆ ಮೂರೂವರೆಯಿಂದ ನಾಲ್ಕೂವರೆ ಸಾವಿರದ ನಡುವೆ ಆಡುತ್ತಿರುತ್ತದೆ. ಸೇಲ್‌ನಲ್ಲಿ ಕಾದು ತೆಗೆದುಕೊಳ್ಳಿ.

ಮಾನಸಗಂಗೋತ್ರಿ ವಿದ್ಯಾರ್ಥಿನಿ

ನಾನು ಮೈಸೂರಿನಲ್ಲಿ ಶ್ರವಣ ವಿಜ್ಞಾನ ಓದುತ್ತಿದ್ದೇನೆ. ಇಷ್ಟು ಒಳ್ಳೆಯ ಚರ್ಚೆಯಲ್ಲಿ ವಾಲ್ಯೂಮ್ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಸುರಕ್ಷಿತ. ಡೆಸಿಬೆಲ್ 3 ಏರಿದರೆ ಶಬ್ದದ ಶಕ್ತಿ ದುಪ್ಪಟ್ಟು, ಸಮಯ ಅರ್ಧ. ಹಾಗಾಗಿ 90 ಡೆಸಿಬೆಲ್‌ಗೆ ಬಂದರೆ ವಾರಕ್ಕೆ 4 ಗಂಟೆ ಮಾತ್ರ. ಬಸ್ಸಿನಲ್ಲಿ ಗದ್ದಲ ಮೀರಿಸಲು ವಾಲ್ಯೂಮ್ ಏರಿಸುತ್ತಾ ಹೋದರೆ ಅಲ್ಲಿಗೆ ತಲುಪುವುದು ಕಷ್ಟವೇನಲ್ಲ, ದಿನಾ ಎರಡು ಹೊತ್ತು ಪ್ರಯಾಣ ಮಾಡುವವರಿಗೆ ಎರಡು ಮೂರು ದಿನದಲ್ಲೇ ವಾರದ ಪಾಲು ಮುಗಿಯುತ್ತದೆ. ಕಿವಿಗೆ ಬಿಗಿಯಾಗಿ ಕೂರುವ ಇಯರ್‌ಫೋನ್ ಒಳ್ಳೆಯದು ಅಂತ ನಾನು ಹೇಳುವುದು ಇದಕ್ಕೇ. ಹೊರಗಿನ ಸದ್ದು ತಗ್ಗಿದರೆ ನೀವೇ ತಾನಾಗಿ ವಾಲ್ಯೂಮ್ ಇಳಿಸುತ್ತೀರಿ.

ಒಳಕಿವಿಯಲ್ಲಿ ಶಬ್ದ ಗ್ರಹಿಸುವ ಕೂದಲು ಕೋಶಗಳು ಒಮ್ಮೆ ಸತ್ತರೆ ಮತ್ತೆ ಬೆಳೆಯುವುದಿಲ್ಲ. ಕೇಳಿ ಮುಗಿಸಿದ ಮೇಲೆ ಕಿವಿಯಲ್ಲಿ ಗುಂಯ್‌ಗುಡುತ್ತಿದ್ದರೆ, ಎದುರಿನವರ ಮಾತು ಹತ್ತಿಯೊಳಗಿಂದ ಬಂದಂತೆ ಕೇಳಿದರೆ ಆ ವಾಲ್ಯೂಮ್ ಜಾಸ್ತಿಯಾಗಿತ್ತು ಅಂತಲೇ ಅರ್ಥ. ಅದು ಹೋಗದೆ ಉಳಿದರೆ ತಡ ಮಾಡದೆ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆಯ ವ್ಯವಸ್ಥೆ ಇದೆ, ದೂರದ ಊರಿನವರು ಹತ್ತಿರದ ಇಎನ್‌ಟಿ ವೈದ್ಯರನ್ನು ನೋಡಬಹುದು.

ಕೆಂಗೇರಿ ಪ್ರಯಾಣಿಕ

ಇಯರ್‌ಫೋನ್ ಬಂತು. ಮೊದಲು ಹಾಕಿದಾಗ ತೆಳ್ಳಗೆ ಕೇಳಿತು, ದೊಡ್ಡ ಅಳತೆಯ ತುದಿ ಹಾಕಿದ ಮೇಲೆ ಪೂರ್ತಿ ಬೇರೆಯೇ ಆಯಿತು. ಮೊದಲಿನ ಬಡ್ಸಿಗಿಂತ ಕಮ್ಮಿ ವಾಲ್ಯೂಮ್ ಸಾಕಾಗುತ್ತಿದೆ, ಸುರಂಗದಲ್ಲೂ. ಮೀಟಿಂಗ್‌ನಲ್ಲಿ ದನಿ ಸ್ಪಷ್ಟವಾಗಿದೆ ಅಂತ ಆ ಕಡೆಯವರು ಹೇಳಿದರು. ಎಲ್ಲರಿಗೂ ಧನ್ಯವಾದ.

ಹಾಸನದ ಅಮ್ಮ

ಮೈಸೂರಿನ ವಿದ್ಯಾರ್ಥಿನಿಯವರೇ, ನನ್ನ ಮಗಳು ಮೂರನೇ ಕ್ಲಾಸು. ವಾರದಲ್ಲಿ ಎರಡು ದಿನ ಆನ್‌ಲೈನ್‌ನಲ್ಲಿ ಸಂಗೀತ ಪಾಠ ಇದೆ, ಟ್ಯಾಬ್‌ನಲ್ಲಿ. ಅವಳಿಗೆ ಯಾವುದು ಕೊಡಿಸಲಿ? ಸಾವಿರ ರೂಪಾಯಿಯೊಳಗೆ.

ಮಾನಸಗಂಗೋತ್ರಿ ವಿದ್ಯಾರ್ಥಿನಿ

ಅಕ್ಕಾ, ಪುಟ್ಟ ಮಕ್ಕಳಿಗೆ ಕಿವಿಯ ಒಳಗೆ ಹೋಗುವಂಥದ್ದು ಬೇಡ, ತುದಿ ಸರಿಯಾಗಿ ಕೂರುವುದೂ ಇಲ್ಲ, ನೋವಾಗುತ್ತದೆ. ಕಿವಿಯ ಮೇಲೆ ಕೂರುವ ಹಗುರವಾದ ತಂತಿಯ ಹೆಡ್‌ಫೋನ್ ಸಾಕು. ಸೋನಿ ಎಂಡಿಆರ್-ಝಡ್‌ಎಕ್ಸ್110 ಇದೇ ಬೆಲೆಯ ಹತ್ತಿರ ಸಿಗುತ್ತದೆ, ಹೆಸರಿನ ಕೊನೆಗೆ ಎಪಿ ಅಂತ ಇರುವುದರಲ್ಲಿ ಮೈಕ್ ಇದೆ. ತಲೆಪಟ್ಟಿಯನ್ನು ತೀರಾ ಚಿಕ್ಕದು ಮಾಡಿದಾಗಲೂ ಅವಳ ತಲೆಗೆ ಜಾರದೆ ಕೂರುತ್ತದಾ ಅಂತ ಹಾಕಿಸಿ ನೋಡಿಯೇ ತೆಗೆದುಕೊಳ್ಳಿ. ಟ್ಯಾಬ್‌ಗೆ ಜ್ಯಾಕ್ ಇದೆಯಾ ಅಂತಲೂ ನೋಡಿ.

ಮಕ್ಕಳಿಗೆ ಮಿತಿ ಇನ್ನೂ ಕಮ್ಮಿ, 75 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಮಕ್ಕಳ ಹೆಡ್‌ಫೋನ್ ಅಂತ ಮಾರುವ ಬಹಳಷ್ಟರ ಮೇಲೆ 85 ಡೆಸಿಬೆಲ್ ಮಿತಿ ಅಂತ ಇರುತ್ತದೆ, ಅದನ್ನೇ ನಂಬಿ ಪೂರ್ತಿ ವಾಲ್ಯೂಮ್‌ಗೆ ಬಿಡಬೇಡಿ. ಐಪ್ಯಾಡ್ ಆದರೆ ಸೆಟ್ಟಿಂಗ್‌ನಲ್ಲಿ ಜೋರು ಶಬ್ದ ತಗ್ಗಿಸುವ ಆಯ್ಕೆಯನ್ನು 75ಕ್ಕೆ ಇಡಬಹುದು. ಬೇರೆ ಟ್ಯಾಬ್ ಆದರೆ ಅರ್ಧಕ್ಕಿಂತ ಕೆಳಗೆ ಇಟ್ಟು, ಮೊದಲು ನೀವೇ ಹಾಕಿಕೊಂಡು ಕೇಳಿ. ಪಾಠದ ಹೊತ್ತಿಗೆ ಮನೆಯ ಟಿವಿ ಆಫ್ ಮಾಡಿದರೆ ಅವಳಿಗೆ ವಾಲ್ಯೂಮ್ ಏರಿಸುವ ಅಗತ್ಯವೇ ಬರುವುದಿಲ್ಲ. ಕೋಣೆಯಲ್ಲಿ ಅವಳೊಬ್ಬಳೇ ಇದ್ದರೆ ಹೆಡ್‌ಫೋನ್ ಇಲ್ಲದೆ, ಟ್ಯಾಬಿನ ಸ್ಪೀಕರ್‌ನಲ್ಲೇ ಪಾಠ ಕೇಳಲಿ. ಹಾಡುವಾಗ ತನ್ನ ದನಿ ತನಗೆ ಸರಿಯಾಗಿ ಕೇಳಬೇಕಲ್ಲ.